ಈರವ್ವ ಹೊತ್ತ ಬೂಷ್ಟು

ಆ ವರ್ಷಗಳಲ್ಲಿ ಗದಗ-ಬೆಟಗೇರಿಯ ಕಡೆ ಮಕ್ಕಳಿರುವ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಪಟ್ಟಿ ನೋಡುವುದು. ಬೆರಳುದ್ದದ ಕಾಗದದ ಪಟ್ಟಿ. ಮಗುವಿನ ಉಚ್ಚೆಯಲ್ಲಿ ಅದ್ದಿ ನೂರು ಎಣಿಸಬೇಕು. ಹಳದಿಯಾಗಿಯೇ ಉಳಿದರೆ ಮಗು ಶಾಲೆಗೆ ಹೋಗಬಹುದು. ನೇರಳೆಗೆ ತಿರುಗಿದರೆ ಹುಬ್ಬಳ್ಳಿಯ ಬಸ್ಸು ಹಿಡಿಯಬೇಕು. ಮಗುವಿಗೆ ಹತ್ತು ತುಂಬುವವರೆಗೆ ದಿನವೂ ಇದೇ. ಹತ್ತು ತುಂಬಿದ ದಿನ ತಾಯಂದಿರು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು.

ಈರವ್ವ ಹಡಪದ ಬೆಟಗೇರಿಯ ಅಂಗನವಾಡಿಯೊಂದರಲ್ಲಿ ಸಹಾಯಕಿ. ಬಾಗಿಲಲ್ಲಿ ನಿಂತು ಇಪ್ಪತ್ತೆರಡು ಮಕ್ಕಳ ಪಟ್ಟಿ ನೋಡಿ ಒಳಗೆ ಬಿಡುವುದು ಅವಳದೇ ಕೆಲಸ. ಆರು ವರ್ಷಗಳಲ್ಲಿ ಒಂದೇ ಸಲ ನೇರಳೆ ಬಣ್ಣ ನೋಡಿದ್ದಳು. ಎರಡನೆಯ ಸಲ ನೋಡಿದ್ದು ತನ್ನ ಮನೆಯ ಬಚ್ಚಲಲ್ಲಿ. ಮಗಳು ಸಿಂಚನಾಗೆ ಆಗ ಐದು ವರ್ಷ. ಹುಡುಗಿ ತಾಯಿಯ ಕೈಯಲ್ಲಿದ್ದ ಪಟ್ಟಿಯನ್ನು ಬಗ್ಗಿ ನೋಡಿ, "ಯವ್ವಾ, ಇವತ್ತಿನ ಬಣ್ಣ ಚೆಂದ ಐತಿ" ಅಂದಳು.

ಈರವ್ವ ಮತ್ತೊಂದು ಪಟ್ಟಿ ಅದ್ದಿದಳು. ಅದೂ ನೇರಳೆ. ಮೂರನೆಯದನ್ನು ಅದ್ದಲು ಅವಳಿಗೆ ಧೈರ್ಯವಾಗಲಿಲ್ಲ. ಗಂಡ ಫಕೀರಪ್ಪ ಬಸ್ ನಿಲ್ದಾಣದ ಎದುರು ಸಲೂನ್ ಇಟ್ಟಿದ್ದ. ಫೋನ್ ಬಂದಾಗ ಅರ್ಧ ಕಟಿಂಗ್ ಆಗಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ.

ನೇರಳೆ ಬಂತೆಂದರೆ ಮೈಯೊಳಗೆ ಬೂಷ್ಟು ಸೇರಿದೆ ಎಂದರ್ಥ. ಬೂಷ್ಟು ಹೊಸದೇನಲ್ಲ. ಹಳಸಿದ ರೊಟ್ಟಿಯ ಮೇಲೆ, ಹಸಿ ಗೋಡೆಯ ಮೇಲೆ ಬರುವ ಬೂಷ್ಟಿನ ಬಳಗಕ್ಕೆ ಸೇರಿದ ಒಂದು ಶಿಲೀಂಧ್ರ ಎರೆಮಣ್ಣಿನಲ್ಲಿ ಲಕ್ಷಾಂತರ ವರ್ಷ ತನ್ನ ಪಾಡಿಗೆ ತಾನಿತ್ತು. ಮನುಷ್ಯನ ಮೈಯ ಬಿಸಿ ಅದಕ್ಕೆ ಆಗಿಬರುತ್ತಿರಲಿಲ್ಲ. ನಮಗಿದ್ದ ದೊಡ್ಡ ಕಾವಲೆಂದರೆ ಅದೇ. ಬೇಸಿಗೆಗಳು ನಲವತ್ತೆಂಟು ಡಿಗ್ರಿಗೆ ಏರಿ ಅಲ್ಲೇ ನಿಲ್ಲತೊಡಗಿದ ಮೇಲೆ, ಬಿಸಿ ತಾಳದ ತಳಿಗಳು ಮಣ್ಣಲ್ಲೇ ಸತ್ತು, ತಾಳಿದವು ಮಾತ್ರ ಉಳಿದವು. ಉಳಿದವುಗಳಿಗೆ ಮನುಷ್ಯನ ಮೈ ತಂಪಾದ ಜಾಗವಾಯಿತು. ದೂಳಿನ ಜೊತೆ ಉಸಿರಿಗೆ ಸೇರಿ, ರಕ್ತದಲ್ಲಿ ತೇಲಿ, ಕೊನೆಗೆ ಮೂತ್ರಪಿಂಡದ ಒಳತಿರುಳಿನಲ್ಲಿ ನೆಲೆ ನಿಲ್ಲುತ್ತಿತ್ತು. ಅಲ್ಲಿ ಉಪ್ಪು ಹೆಚ್ಚು, ಆಮ್ಲಜನಕ ಕಡಿಮೆ. ರೋಗದೊಡನೆ ಹೋರಾಡುವ ರಕ್ತಕಣಗಳು ಅಲ್ಲಿಗೆ ಬಂದರೆ ಸೋಲುತ್ತವೆ. ದೊಡ್ಡವರ ಮೈ ಹೇಗೋ ತಡೆಯುತ್ತಿತ್ತು, ಮಕ್ಕಳದು ತಡೆಯುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಬರುತ್ತಿರಲಿಲ್ಲ, ಸಾವಿರಕ್ಕೆ ಒಬ್ಬರಿಗೆ ಬರುತ್ತಿತ್ತು. ಬಂದವರಲ್ಲಿ ಅದು ಹತ್ತಿಯ ಉಂಡೆಯಂತೆ ಬೆಳೆದು ಉಚ್ಚೆ ಇಳಿಯುವ ದಾರಿಯನ್ನೇ ಮುಚ್ಚುತ್ತಿತ್ತು. ಇದ್ದ ನಾಲ್ಕು ಔಷಧಗಳಲ್ಲಿ ಮೂರಕ್ಕೆ ಅದು ಬಗ್ಗುತ್ತಿರಲಿಲ್ಲ. ನಾಲ್ಕನೆಯದು ಬೂಷ್ಟಿನ ಜೊತೆ ಮೂತ್ರಪಿಂಡವನ್ನೂ ಸುಡುತ್ತಿತ್ತು.

ಹುಬ್ಬಳ್ಳಿಯ ಮಕ್ಕಳ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಇದಕ್ಕೆಂದೇ ಒಂದು ವಾರ್ಡು. ಹನ್ನೆರಡು ಹಾಸಿಗೆ. ಅದನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಶಬಾನಾ ನದಾಫ. ಐವತ್ತು ದಾಟಿದ ಹೆಂಗಸು, ಮಾತು ನೇರ. ಮೊದಲ ದಿನವೇ ಈರವ್ವನನ್ನು ಪಕ್ಕದ ಲ್ಯಾಬಿಗೆ ಕರೆದೊಯ್ದು ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಒಂದರಲ್ಲಿ ದಪ್ಪ ಬಿಳಿ ಎಳೆಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಇನ್ನೊಂದರಲ್ಲಿ ಎಳೆಗಳು ಸಣಕಲಾಗಿ, ಅಲ್ಲಲ್ಲಿ ಮುರಿದು ಬಿದ್ದಿದ್ದವು.

"ಮೊದಲನೇದ್ದು ನಿಮ್ಮ ಸಿಂಚನಾಳದ್ದು, ಎಡಗಡೆ ಕಿಡ್ನಿಯೊಳಗ ಐತಿ. ಎರಡನೇದ್ದು ಇದೇ ವಾರ್ಡಿನಾಗ ಗೌತಮಿ ಅಂತ ಹುಡುಗಿ ಅದಾಳಲ್ಲ, ಆಕೀದು. ಎರಡೂ ಒಂದೇ ಜಾತಿ ಬೂಷ್ಟು."

"ಮತ್ತ ಆಕೀದು ಯಾಕ ಹಿಂಗ ಐತ್ರಿ?"

"ಆ ಬೂಷ್ಟಿಗೇ ಜಡ್ಡು ಹತ್ತೇತಿ, ಈರವ್ವಾರ. ನಮಗ ನೆಗಡಿ ವೈರಸ್ ಇರೂ ಹಂಗ ಬೂಷ್ಟಿಗೂ ಅದರದೇ ವೈರಸ್ ಇರ್ತಾವ. ಎರಡು ಎಳಿ ಒಂದಕ್ಕೊಂದು ತಾಗಿದ್ರ ಕೂಡಿಕೊಂತಾವ, ಆಗ ಒಂದರ ಜಡ್ಡು ಇನ್ನೊಂದಕ್ಕ ದಾಟ್ತದ. ಗೌತಮಿ ಕಿಡ್ನಿಯಿಂದ ಒಂದೀಟು ತಗದು ಇನ್ನೊಂದು ಮಗುವಿನ ಕಿಡ್ನಿಗೆ ಬಿಟ್ರ ಅಲ್ಲಿದ್ದ ಬೂಷ್ಟೂ ಸೊರಗ್ತದ. ವಾರಕ್ಕೊಂದರಂಗ ಮೂರು ಡೋಸು. ಮೂರೂ ಬಿದ್ದ ಹತ್ತು ಮಕ್ಕಳೊಳಗ ಎಂಟು ಉಳದಾವ."

ಈ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಲು ಎರಡು ವರ್ಷ ಹೆಣಗಿದ್ದರು. ಗಾಜಿನ ತಟ್ಟೆಗೆ ಬಂದ ಬೂಷ್ಟು ಎರಡೇ ದಿನದಲ್ಲಿ ವೈರಸ್ಸನ್ನು ಕೊಡವಿಕೊಂಡು ಮತ್ತೆ ಬಲಿಯುತ್ತಿತ್ತು. ತಣ್ಣಗೆ ಮಾಡಿ ಇಟ್ಟರೆ ಎರಡೂ ಸಾಯುತ್ತಿದ್ದವು. ವಾಸಿಯಾದ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಬೂಷ್ಟೂ ಇರುತ್ತಿರಲಿಲ್ಲ, ವೈರಸ್ಸೂ ಇರುತ್ತಿರಲಿಲ್ಲ. ಯಾವುದೋ ಕಾರಣಕ್ಕೆ ಗೌತಮಿಯ ಮೈ ಮಾತ್ರ ಅವೆರಡನ್ನೂ ಹೊರಗೆ ಹಾಕದೆ ಇಟ್ಟುಕೊಂಡಿತ್ತು. ಒಂಬತ್ತು ವರ್ಷದ ಆ ಹುಡುಗಿಯ ಬೆನ್ನಿನಿಂದ ಒಂದು ಸಣ್ಣ ಕೊಳವೆ ಹೊರಬಂದಿತ್ತು. ಪ್ರತಿ ಮಂಗಳವಾರ ಅದರಿಂದ ನಾಲ್ಕು ಡೋಸು ತೆಗೆಯುತ್ತಿದ್ದರು.

ಸಿಂಚನಾಳ ಸರದಿ ಮೂರನೆಯ ಮಂಗಳವಾರಕ್ಕೆ ಬರಬೇಕಿತ್ತು. ಎರಡನೆಯ ಮಂಗಳವಾರ ಕಳೆದ ಮೇಲೆ ಗೌತಮಿಯ ತಂದೆ ಮುತ್ತಣ್ಣ ಸಾಕು ಅಂದ.

ಮುತ್ತಣ್ಣ ಕುಂದಗೋಳದ ಕಡೆಯವನು, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಹೆಂಡತಿ ಇರಲಿಲ್ಲ. ನಾಲ್ಕು ತಿಂಗಳು ಮಗಳ ಪಕ್ಕದಲ್ಲೇ ಕೂತಿದ್ದ. ಆ ನಾಲ್ಕು ತಿಂಗಳಲ್ಲಿ ಗೌತಮಿಯ ಒಂದು ಮೂತ್ರಪಿಂಡ ಕಾಲುಭಾಗ ಮಾತ್ರ ಉಳಿದಿತ್ತು. ಈಗ ಇನ್ನೊಂದರಲ್ಲೂ ಎಳೆ ಕಾಣಿಸಿತ್ತು. ಅವಳ ಬೂಷ್ಟು ಸೊರಗಿರುವುದರಿಂದ, ತಡ ಮಾಡದೆ ಕೆಟ್ಟದ್ದನ್ನು ತೆಗೆದು ನಾಲ್ಕನೆಯ ಔಷಧವನ್ನು ಸ್ವಲ್ಪವೇ ಕೊಟ್ಟರೂ ಹುಡುಗಿ ಬದುಕುತ್ತಾಳೆ ಎಂದು ಡಾಕ್ಟರೇ ಅವನಿಗೆ ಹೇಳಿದ್ದರು.

ಈರವ್ವ ಅವನನ್ನು ವರಾಂಡದಲ್ಲಿ ಹಿಡಿದಳು. ಬೇಡಿಕೊಳ್ಳಬಾರದು ಅಂದುಕೊಂಡೇ ಹೋಗಿದ್ದಳು.

"ಅಣ್ಣಾ, ಇನ್ನ ಮೂರ ವಾರ. ನನ್ನ ಮಗಳಿಗೆ ಅಷ್ಟಾದ್ರ ಸಾಕು."

ಮುತ್ತಣ್ಣ ಅವಳ ಮುಖ ನೋಡಲಿಲ್ಲ. "ನಿನ್ನ ಮಗಳದ್ದು ಮುಗಿಯೂದ್ರಾಗ ಇನ್ನೊಬ್ಬಾಕಿ ಬರ್ತಾಳ ತಂಗೀ. ನಾಕು ತಿಂಗಳಿಂದ ಎಲ್ಲಾರೂ ಮೂರ ವಾರನ ಕೇಳ್ಯಾರ. ಮೊನ್ನೆ ನನ್ನ ಮಗಳು, ಅಪ್ಪಾ, ನಾ ಬ್ಯಾಡ ಅಂದ್ರ ಇವರೆಲ್ಲಾ ಸಾಯ್ತಾರೇನು ಅಂತ ಕೇಳಿದ್ಲು. ಒಂಬತ್ತು ವರ್ಷದಾಕಿ ಕೇಳೂ ಮಾತೇನಿದು?" ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ, "ಆಪರೇಶನ್ನಿಗೆ ಮೊದಲು ಒಂದ ಸಲ ತಗೋರಿ ಅಂದೀನಿ. ಅದ ಕಡೀದು. ನನ್ನ ಬೈಬ್ಯಾಡ" ಅಂದ.

ಈರವ್ವ, ಅವನ ಜಾಗದಲ್ಲಿ ತಾನಿದ್ದರೆ ನಾಲ್ಕು ತಿಂಗಳು ಬಿಡುತ್ತಿದ್ದೆನೇ ಎಂದು ಯೋಚಿಸುತ್ತ ಅಲ್ಲೇ ಗೋಡೆಗೆ ಒರಗಿ ಕುಳಿತಳು.

ಆಮೇಲೆ ಅವಳು ಸೀದಾ ಲ್ಯಾಬಿಗೆ ಹೋದಳು. "ಮೇಡಮ್ರ, ಅದನ್ನ ನನ್ನ ಕಿಡ್ನಿಯೊಳಗ ಬೆಳಸಾಕ ಬರ್ತದೇನ್ರಿ?"

ಡಾಕ್ಟರ್ ನದಾಫ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದೊಡ್ಡವರ ಮೈ ಬೂಷ್ಟನ್ನು ಹೊರಹಾಕುತ್ತದೆ ನಿಜ. ಆದರೆ ಬೇರೆಯವರ ಅಂಗ ಕಸಿ ಮಾಡಿಸಿಕೊಂಡವರಿಗೆ ಕೊಡುವ, ಮೈಯ ಶಕ್ತಿಯನ್ನು ತಗ್ಗಿಸುವ ಗುಳಿಗೆ ನುಂಗಿದರೆ ಹೊರಹಾಕುವುದಿಲ್ಲ. ಹೀಗೊಂದು ಪ್ರಯೋಗಕ್ಕೆ ಆಸ್ಪತ್ರೆಯ ಸಮಿತಿಯ ಅನುಮತಿ ಎಂದೋ ಬಂದಿತ್ತು. ತಾವಾಗಿಯೇ ಮುಂದೆ ಬಂದವರಿಗೆ ಮಾತ್ರ ಮಾಡಬೇಕು, ಯಾರನ್ನೂ ಕೇಳಬಾರದು ಎಂಬುದು ಅದರ ಷರತ್ತು.

"ನಾಕು ತಿಂಗಳಿಂದ ಆ ಕಾಗದ ಈ ಡ್ರಾವರಿನಾಗ ಬಿದ್ದೈತಿ. ನಾನೇ ಹಾಕ್ಕೋತಿದ್ದೆ, ನನಗ ಸಕ್ಕರಿ ಕಾಯಿಲೆ. ಮೂರ ದಿನದಾಗ ಮೈತುಂಬ ಹರಡ್ತದ." ಅವರು ಡ್ರಾವರ್ ಎಳೆದು ಕಾಗದ ಹೊರತೆಗೆದರು. "ಆದ್ರ ಈರವ್ವಾರ, ಇದರಾಗ ಒಂದು ತೊಡಕು ಐತಿ. ನಿಮ್ಮ ಮನಿಯವರನ್ನೂ ಕರೀರಿ."

ಫಕೀರಪ್ಪ ಬಂದ ಮೇಲೆ ಅವರು ಲೆಕ್ಕವನ್ನು ಬಿಡಿಸಿ ಹೇಳಿದರು. ಕೊನೆಯ ಸಲ ಗೌತಮಿಯಿಂದ ಸಿಗುವುದು ನಾಲ್ಕು ಡೋಸು. ಮೂರು ಡೋಸು ಈಗಾಗಲೇ ಚಿಕಿತ್ಸೆ ಅರ್ಧವಾಗಿರುವ ಮೂರು ಮಕ್ಕಳಿಗೆ ಹೋಗುತ್ತವೆ. ನಾಲ್ಕನೆಯದು ಸಿಂಚನಾಳದು. ಒಂದೇ ಡೋಸಿನಿಂದ ವಾಸಿಯಾದದ್ದು ಹತ್ತರಲ್ಲಿ ಮೂರು ಮಕ್ಕಳು. ಅದನ್ನು ಸಿಂಚನಾಗೆ ಕೊಟ್ಟರೆ ಅಲ್ಲಿಗೆ ಮುಗಿಯಿತು, ಮುಂದೆ ಯಾರಿಗೂ ಇಲ್ಲ. ಅದನ್ನೇ ಈರವ್ವನೊಳಗೆ ಬೀಜವಾಗಿ ಬಿಟ್ಟರೆ ಹನ್ನೆರಡು ದಿನಕ್ಕೆ ಬೆಳೆದು, ಆಮೇಲೆ ವಾರವಾರವೂ ಸಿಗುತ್ತದೆ. ಸಿಂಚನಾಗೂ ಮೂರು ಡೋಸು ಸಿಗುತ್ತದೆ. ಹುಡುಗಿಯ ಬಲಗಡೆಯದು ಇನ್ನೂ ಚೆನ್ನಾಗಿದೆ, ಇಪ್ಪತ್ತು ದಿನ ತಡೆಯಬಹುದು.

"ಅರ್ಧ ಆಕಿಗೆ, ಅರ್ಧ ಈಕಿಗೆ ಮಾಡ್ರಲ್ಲ" ಅಂದ ಫಕೀರಪ್ಪ.

"ಅಷ್ಟು ಕಡಿಮಿ ಆದ್ರ ಎರಡೂ ಕಡೆ ಹತ್ತೂದಿಲ್ಲ."

"ಹಂಗಾದ್ರ ಕೂಸಿಗೆ ಕೊಡ್ರಿ. ಕೈಯಾಗಿರೂದನ್ನ ಬಿಟ್ಟು ಹನ್ನೆರಡು ದಿನ ಕಾಯೂದು ಎಂಥಾ ಮಾತು?"

ಈರವ್ವ ಕೇಳಿದಳು: "ನಿಮ್ಮ ಮಗಳಾಗಿದ್ರ ನೀವೇನು ಮಾಡ್ತಿದ್ರಿ ಮೇಡಮ್ರ?"

"ನಾನು ಕಾಯ್ತಿದ್ದೆ" ಅಂದರು ಡಾಕ್ಟರ್. "ಆದ್ರ ಅದು ನನ್ನ ಮಗಳಲ್ಲ. ಅದಕ್ಕ ಈ ಮಾತು ಹೇಳೂದು ನನಗ ಸಸಾರ."

ಗಂಡ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದು ತಾಸು ಮಾತಾಡಿದರು. ಹತ್ತರಲ್ಲಿ ಏಳು ಮಕ್ಕಳು ಸತ್ತ ದಾರಿಯೊಳಗೆ ಮಗಳನ್ನು ಬಿಡಲಾರೆ ಎಂದು ಈರವ್ವ ಒಂದೇ ಹಟ ಹಿಡಿದಳು. ಫಕೀರಪ್ಪ ಕೊನೆಗೆ ಎದ್ದು ಅಂಗಿ ಕೊಡವಿಕೊಂಡು, "ನೀ ಹೇಳ್ತೀ ಅಂತ ಹೂಂ ಅಂತೀನಿ" ಅಂದ.

ಬುಧವಾರ ಬೆಳಗ್ಗೆ ಅವಳ ಬೆನ್ನಿಗೆ ಕೊಳವೆ ಹಾಕಿದರು. ಮೈಯ ಶಕ್ತಿ ತಗ್ಗಿಸುವ ಗುಳಿಗೆ ನುಂಗುತ್ತಿದ್ದುದರಿಂದ ಯಾರೊಡನೆಯೂ ಬೆರೆಯುವಂತಿರಲಿಲ್ಲ. ವಾರ್ಡಿನ ತುದಿಯಲ್ಲಿದ್ದ ಗಾಜಿನ ಕೋಣೆಯಲ್ಲಿ ಅವಳನ್ನು ಇಟ್ಟರು. ಸಿಂಚನಾಳ ಹಾಸಿಗೆಯನ್ನು ಗಾಜಿನ ಈಚೆ ತಂದು ಹಾಕಿಸಿದರು. ತಾಯಿ ಮಗಳು ಫೋನಿನಲ್ಲಿ ಮಾತಾಡುತ್ತಿದ್ದರು.

"ಯವ್ವಾ, ನೀ ಯಾಕ ಈಕಡೆ ಬರವಲ್ಲಿ?"

"ನಿನಗ ಔಷಧ ತಯಾರು ಮಾಡಾಕತ್ತೀನಿ ಪುಟ್ಟೀ."

"ಎಲ್ಲೈತಿ? ಒಲಿನೂ ಇಲ್ಲಲ್ಲ."

"ಹೊಟ್ಟಿಯೊಳಗ ಐತಿ."

"ಕೂಸಿನಂಗ?"

ಈರವ್ವ ನಕ್ಕಳು. "ಹೂಂ. ಕೂಸಿನಂಗ."

ನಾಲ್ಕನೆಯ ದಿನ ಅವಳಿಗೆ ಚಳಿಜ್ವರ ಬಂತು. ಐದನೆಯ ದಿನ ಬೆನ್ನಿನಲ್ಲಿ ಸೂಜಿ ಮುರಿದಂತಹ ನೋವು. ಆರನೆಯ ದಿನ ಪರದೆಯ ಮೇಲೆ ಸಣಕಲು ಎಳೆಗಳು ಕಂಡಾಗ ಡಾಕ್ಟರ್ ನದಾಫ ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದರು. ವಾರ್ಡಿನ ತಾಯಂದಿರೆಲ್ಲ ಎದ್ದು ನಿಂತರು. ಫಕೀರಪ್ಪನ ಮುಖ ಅಂದು ಮೊದಲ ಸಲ ಸಡಿಲಾಯಿತು. ಊರಿಗೆ ಹೋಗಿ ಎರಡು ದಿನ ಅಂಗಡಿ ತೆರೆದು ಬರುತ್ತೇನೆ ಎಂದು ಹೋದ.

ಎಂಟನೆಯ ದಿನ ಸಿಂಚನಾಳ ಬಲಗಡೆಯ ಮೂತ್ರಪಿಂಡವೂ ಮುಚ್ಚಿಕೊಂಡಿತು. ಇಪ್ಪತ್ತು ದಿನ ಎಂದಿದ್ದು ಎಂಟಕ್ಕೇ ಆಯಿತು. ರಕ್ತ ಸೋಸುವ ಯಂತ್ರ ಹಚ್ಚಿದರು. ಉಚ್ಚೆಯ ವಿಷವನ್ನು ಯಂತ್ರ ಸೋಸಬಲ್ಲದು, ರಕ್ತಕ್ಕೇ ಇಳಿದ ಬೂಷ್ಟನ್ನು ಸೋಸಲಾರದು. ಡಾಕ್ಟರ್ ಈರವ್ವನ ಕೊಳವೆಯಿಂದ ಸಿಕ್ಕಷ್ಟನ್ನೇ ತೆಗೆದು ಮಗುವಿಗೆ ಬಿಟ್ಟರು. ಅದಿನ್ನೂ ಎಳಸು, ಹತ್ತಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಡಾಕ್ಟರೇ ಬಂದು ಗಾಜಿನ ಬಾಗಿಲು ತೆರೆದರು. "ಬರ್ರಿ" ಅಂದರು, ಅಷ್ಟೇ. ಈರವ್ವ ಮುಖಕ್ಕೆ ಕಟ್ಟಿದ್ದನ್ನು ಕಿತ್ತೆಸೆದು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ಹುಡುಗಿಯ ಮೈ ಕಾದ ಹೆಂಚಿನಂತಿತ್ತು. ಫಕೀರಪ್ಪ ಗದಗದಿಂದ ಬಂದು ವಾರ್ಡಿನ ಬಾಗಿಲಿಗೆ ಮುಟ್ಟುವಷ್ಟರಲ್ಲಿ ಮೂರು ಗಂಟೆಯಾಗಿತ್ತು. ಅಷ್ಟರಲ್ಲಿ ಸಿಂಚನಾ ಹೋಗಿದ್ದಳು.

ಅವನು ಅಳಲಿಲ್ಲ. ಹೆಂಡತಿಯ ಕಡೆ ನೋಡಿ, "ಆವತ್ತೇ ಕೊಟ್ಟಿದ್ರ?" ಅಂದ. ಆಮೇಲೆ ಅವಳ ಕಡೆ ಬೆನ್ನು ಮಾಡಿ ಮಗಳ ಬಟ್ಟೆ ಮಡಚತೊಡಗಿದ.

ಸಂಜೆ ಡಾಕ್ಟರ್ ನದಾಫ ಒಂದು ಸಣ್ಣ ಡಬ್ಬಿ ತಂದು ಈರವ್ವನ ಮುಂದಿಟ್ಟರು. "ಇದು ನಾಲ್ಕನೇ ಔಷಧ. ಮಕ್ಕಳಿಗೆ ಪೂರ್ತಿ ಕೊಡಾಕ ಆಗೂದಿಲ್ಲ, ನೀವು ತಡೀತೀರಿ. ಆ ಗುಳಿಗಿ ಬಿಟ್ಟು ಇದನ್ನ ತಗೊಂಡ್ರ ಹತ್ತು ದಿನದಾಗ ಎಲ್ಲಾ ಸಾಯ್ತದ. ನೀವು ಯಾರಿಗೂ ಏನೂ ಕೊಡಬೇಕಾಗಿಲ್ಲ."

"ನನ್ನೊಳಗಿರೂದು ನನ್ನ ಮಗಳನ್ನ ಕೊಂದದ್ದೇ ಅಲ್ರಿ?"

"ಅದೇ ಜಾತಿ. ಆದ್ರ ಅದಲ್ಲ."

ಈರವ್ವ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. ಗಾಜಿನಾಚೆ ತಾಯಂದಿರು ತಮ್ಮ ತಮ್ಮ ಮಕ್ಕಳ ಕಡೆ ಮುಖ ಮಾಡಿ ಕೂತಿದ್ದರು. ಒಬ್ಬಳೂ ಈ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಯಾರಾದರೂ ಬಂದು ಕೈ ಮುಗಿದಿದ್ದರೆ ಅವಳು ಆ ಡಬ್ಬಿ ತೆರೆಯುತ್ತಿದ್ದಳೇನೋ. ಯಾರೂ ಬರಲಿಲ್ಲ.

"ನಾ ಕೂಸಿನ ಮಣ್ಣಿಗೆ ಹೋಗಬೇಕು" ಅಂದಳು. "ಹೋಗಿ ವಾಪಸ್ ಬರ್ತೀನಿ."

ಮರುದಿನ ಆಸ್ಪತ್ರೆಯ ಗಾಡಿಯಲ್ಲಿ ಒಬ್ಬ ನರ್ಸ್ ಜೊತೆ ಅವಳನ್ನು ಬೆಟಗೇರಿಗೆ ಕರೆದೊಯ್ದರು. ಬಿಸಿಲು ನೆಲಕ್ಕೆ ಅಂಟಿಕೊಂಡಂತಿತ್ತು. ಅಗೆದ ಎರೆಮಣ್ಣು ಕಪ್ಪಗೆ ರಾಶಿ ಬಿದ್ದಿತ್ತು. ಮೂಗು ಬಾಯಿ ಕಟ್ಟಿಕೊಂಡು ದೂರ ನಿಂತಿದ್ದ ಈರವ್ವನಿಗೆ ಆ ಮಣ್ಣು ಮುಟ್ಟುವಂತಿರಲಿಲ್ಲ. ಗಾಳಿಗೆ ಬಂದು ತಾಗಿದರೂ ಅಪಾಯ. ಎಲ್ಲರೂ ಹಿಡಿಮಣ್ಣು ಹಾಕಿದರು. ಅವಳ ಪಾಲಿನದನ್ನು ಅವಳ ಅತ್ತೆ ಹಾಕಿದಳು. ಫಕೀರಪ್ಪ ಗುಣಿಯ ಆ ಕಡೆ ನಿಂತಿದ್ದ. ಗಾಡಿ ಹೊರಟಾಗಲೂ ಈ ಕಡೆ ತಿರುಗಲಿಲ್ಲ.

ಸೋಮವಾರಕ್ಕೆ ಹನ್ನೆರಡು ದಿನ ಮುಗಿದವು. ಮಂಗಳವಾರ ಬೆಳಗ್ಗೆ ಅವಳ ಬೆನ್ನಿನ ಕೊಳವೆಯಿಂದ ನಾಲ್ಕು ಡೋಸು ತೆಗೆದರು. ಮೊದಲನೆಯದು ನವಲಗುಂದದ ಎರಡು ವರ್ಷದ ಒಂದು ಮಗುವಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಆ ಮಗುವಿನ ತಾಯಿ ಗಾಜಿನ ಬಳಿ ಬಂದು ನಿಂತಳು. ಸೆರಗಿನ ತುದಿ ಹಿಂಡುತ್ತ, ಕೊನೆಗೆ ಫೋನ್ ಎತ್ತಿ, "ಊಟ ಮಾಡಿದಿ ಏನಬೇ?" ಎಂದು ಕೇಳಿದಳು.

"ಇಲ್ಲ" ಅಂದಳು ಈರವ್ವ. ಮಣ್ಣಾದ ದಿನದಿಂದ ಅವಳು ಊಟದ ತಟ್ಟೆ ಮುಟ್ಟಿರಲಿಲ್ಲ. ಆ ಹೆಂಗಸು ಕಳಿಸಿದ ಅನ್ನ-ಸಾರನ್ನು ಆ ದಿನ ತಿಂದಳು.

ಹೀಗೆ ಹದಿನಾಲ್ಕು ಮಂಗಳವಾರ. ಒಟ್ಟು ಹದಿನೆಂಟು ಮಕ್ಕಳಿಗೆ ಅವಳಿಂದ ಮದ್ದು ಹೋಯಿತು. ಹದಿಮೂರು ಮಕ್ಕಳು ಮನೆಗೆ ಹೋದರು. ಐವರು ಹೋಗಲಿಲ್ಲ. ಆ ಐವರಲ್ಲಿ ಒಬ್ಬನ ತಂದೆ ಗಾಜಿಗೆ ತಲೆ ಚಚ್ಚಿಕೊಂಡು, ನಿನ್ನ ಔಷಧವೇ ನನ್ನ ಮಗನನ್ನು ತಿಂತು ಎಂದು ಕೂಗಿದ. ಈರವ್ವ ಎದ್ದು ಹೋಗಲಿಲ್ಲ. ಅವನು ಕೂಗಿ ಮುಗಿಸುವವರೆಗೂ ಎದುರಿಗೇ ಕೂತಿದ್ದಳು. ಆ ತಿಂಗಳುಗಳಲ್ಲಿ ಫಕೀರಪ್ಪ ವಾರಕ್ಕೊಮ್ಮೆ ಬಟ್ಟೆ, ಕರದಂಟು, ಬುತ್ತಿ ತಂದು ನರ್ಸಿನ ಕೈಗೆ ಕೊಟ್ಟು ಹೋಗುತ್ತಿದ್ದ. ಗಾಜಿನ ತನಕ ಬರುತ್ತಿರಲಿಲ್ಲ.

ಹದಿನೈದನೆಯ ವಾರ ಡಾಕ್ಟರ್ ನದಾಫ ನಿಲ್ಲಿಸೋಣ ಅಂದರು. ಅವಳ ಆ ಮೂತ್ರಪಿಂಡ ಮುಗಿದಿತ್ತು. ಅಷ್ಟರಲ್ಲಿ ಕೊಪ್ಪಳದ ಒಬ್ಬ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್ ತಾವಾಗಿ ಬಂದಿದ್ದರು. ಈರವ್ವನಿಂದ ತೆಗೆದ ಬೀಜ ಅವರಿಬ್ಬರಲ್ಲೂ ಹತ್ತಿತ್ತು. ಅವಳ ಮೂತ್ರಪಿಂಡ ತೆಗೆದರು, ನಾಲ್ಕನೆಯ ಔಷಧ ಕೊಟ್ಟರು. ಹೊರಡುವ ಮೊದಲು ಡಾಕ್ಟರ್ ಅವಳ ಹಾಸಿಗೆಯ ಮೇಲೆ ಕೂತರು.

"ಈರವ್ವಾರ, ಆವತ್ತು ಆ ಒಂದು ಡೋಸು ಸಿಂಚನಾಗೆ ಕೊಟ್ಟಿದ್ರ ಏನಾಗ್ತಿತ್ತು ಅಂತ ಈಗ ಒಂದಿಷ್ಟು ಅಂದಾಜು ಹಾಕಬಹುದು. ಆಕೀ ಬೂಷ್ಟಿನ ತುಣುಕು ಲ್ಯಾಬಿನಾಗ ಐತಿ. ನಿಮಗ ಬೇಕಂದ್ರ ನೋಡಿ ಹೇಳ್ತೀನಿ."

ಈರವ್ವ ಯೋಚಿಸಿದಳು. "ಬ್ಯಾಡ್ರಿ" ಅಂದಳು. "ಯಾವುದು ಬಂದ್ರೂ ನಾ ಅದನ್ನ ಹೊತಗೊಂಡು ತಿರಗಬೇಕಾಗ್ತದ."

ಕರೆದೊಯ್ಯಲು ಫಕೀರಪ್ಪ ಬಂದಿದ್ದ. ಗಂಟು ಎತ್ತಿಕೊಂಡು ಮುಂದೆ ನಡೆದ, ಅವಳು ಹಿಂದೆ. ಹುಬ್ಬಳ್ಳಿಯಿಂದ ಗದಗದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಫಕೀರಪ್ಪ ಕಿಟಕಿಯ ಪಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದ. ಅಣ್ಣಿಗೇರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಹತ್ತಿ, ಸರಿಯವ್ವಾ ಎಂದು ಈರವ್ವನ ಪಕ್ಕ ಜಾಗ ಮಾಡಿಸಿಕೊಂಡು ಕೂತಳು. ಎಲ್ಲಿಂದ ಬಂದಿರಿ, ಯಾವೂರು, ಮುಖ ಯಾಕೆ ಬಾಡಿದೆ ಎಂದು ಒಂದೊಂದಾಗಿ ಕೇಳತೊಡಗಿದಳು. ಈರವ್ವ ಹೂಂ, ಉಹೂಂ ಅನ್ನುತ್ತಿದ್ದಳು.

"ಮಕ್ಕಳೆಷ್ಟವ್ವಾ?"

ಈರವ್ವ ಹೊರಗೆ ನೋಡಿದಳು. ಕಿಟಕಿಯಾಚೆ ಖಾಲಿ ಹೊಲಗಳು ಬಿಸಿಲಲ್ಲಿ ಅಲುಗುತ್ತಿದ್ದವು. ಹೆಂಗಸು ಉತ್ತರಕ್ಕೆ ಕಾಯುತ್ತ ಅವಳ ಮುಖವನ್ನೇ ನೋಡುತ್ತಿದ್ದಳು.

"ಒಬ್ಬಾಕಿ ಇದ್ಲು ಯಜ್ಜೀ" ಅಂದ ಫಕೀರಪ್ಪ. "ಹೆಣ್ಣು ಮಗಳು. ಬೂಷ್ಟಾಗಿ ತೀರಿಕೊಂಡ್ಲು." ಕಿಟಕಿಯ ಕಡೆ ಮುಖ ಮಾಡಿಕೊಂಡೇ ಮತ್ತೆ ಹೇಳಿದ: "ನಾವಿಬ್ಬರೂ ಕೂಡಿ ಭಾಳ ಪ್ರಯತ್ನ ಮಾಡಿದಿವಿ."